ತಮಟೆ ಬೀರುವಿನಲ್ಲಿದೆ, ಕೀಲಿ ಯಾರ ಬಳಿ?

2024ರ ಬೇಸಿಗೆ ರಜೆಯಲ್ಲಿ ಭದ್ರಾವತಿಯ ಶಾಲೆಯೊಂದರ ಸಭಾಂಗಣದಲ್ಲಿ ಹತ್ತು ದಿನಗಳ ಸಂಗೀತ ಶಿಬಿರವೊಂದು ನಡೆಯಿತು. ಮೂವತ್ತಕ್ಕೂ ಹೆಚ್ಚು ಮಂದಿ ಹುಡುಗ, ಹುಡುಗಿಯರು ಸೇರಿದ್ದರು. ಅರ್ಧದಷ್ಟು ಮಂದಿ ಭದ್ರಾವತಿಯವರು, ಉಳಿದವರು ದಿನವೂ ಬಸ್ಸಿನಲ್ಲಿ ಶಿವಮೊಗ್ಗದಿಂದ ಬರುತ್ತಿದ್ದವರು. ಗುತ್ತಿಗೆ ಕಾರ್ಮಿಕರ ಮಕ್ಕಳು, ಹಮಾಲಿಗಳ ಮಕ್ಕಳು, ಮನೆಗೆಲಸದವರ ಮಕ್ಕಳು. ಹತ್ತನೆಯ ತರಗತಿಯಲ್ಲಿ ಫೇಲಾಗಿ ಮುಂದೇನೆಂದು ತೋಚದೆ ಕುಳಿತಿದ್ದ ಕೆಲವರು. ನಿವೃತ್ತ ಕನ್ನಡ ಅಧ್ಯಾಪಕನಾದ ನನ್ನ ಪಾಲಿಗೆ ಬಂದದ್ದು ಹಾಡುಗಳ ಅರ್ಥ ಹೇಳುವ, ಉಚ್ಚಾರ ತಿದ್ದುವ ಕೆಲಸ. ಸಂಗೀತದಲ್ಲಿ ನಾನು ಕೇಳುಗನೇ ಹೊರತು ಬಲ್ಲವನಲ್ಲ.

ಎರಡನೆಯ ದಿನ ಶಿಬಿರದ ಗುರುಗಳು ಒಬ್ಬೊಬ್ಬರನ್ನೇ, ನಿನಗೇನು ಬರುತ್ತದೆ ಎಂದು ಕೇಳುತ್ತ ಹೋದರು. ಒಬ್ಬಳು ಭಕ್ತಿಗೀತೆ ಹಾಡಿದಳು, ಇನ್ನೊಬ್ಬ ಸಿನಿಮಾ ಹಾಡಿನ ಪಲ್ಲವಿಯನ್ನಷ್ಟೇ ಗುನುಗಿ ನಿಲ್ಲಿಸಿದ. ಹದಿನಾರು ವರ್ಷದ ಹುಡುಗನೊಬ್ಬ ತಲೆ ತಗ್ಗಿಸಿ, 'ಏನೂ ಬರಲ್ಲ ಸಾರ್' ಎಂದ. ಆಗಲಿ ಎಂದು ಗುರುಗಳು ಮೂಲೆಯಲ್ಲಿದ್ದ ತಮಟೆಗಳಲ್ಲಿ ಒಂದನ್ನು ಅವನ ಕೈಗೆ ಕೊಟ್ಟರು. ಹುಡುಗ ಚರ್ಮವನ್ನು ಬೆರಳ ತುದಿಯಿಂದ ಒಮ್ಮೆ ತಟ್ಟಿ ಕಿವಿಗೊಟ್ಟ. ಯಾರೂ ಹೇಳದಿದ್ದರೂ ಹೊರಗೆ ಹೋಗಿ ಒಣಗಿದ ತೆಂಗಿನ ಗರಿ, ಹಳೆಯ ಕಾಗದ ಒಟ್ಟುಮಾಡಿ ಬೆಂಕಿ ಹಚ್ಚಿ, ತಮಟೆಯನ್ನು ತಿರುತಿರುಗಿಸಿ ಕಾಯಿಸಿದ. ಮರಳಿ ಬಂದು ನುಡಿಸಿದಾಗ ಆ ಸಭಾಂಗಣದ ತಗಡಿನ ಮಾಡು ಅದುರಿತು. 'ಏನೂ ಬರಲ್ಲ ಅಂದೆಯಲ್ಲೋ?' ಎಂದು ಗುರುಗಳು ಕೇಳಿದಾಗ ಅವನು ಕೊಟ್ಟ ಉತ್ತರ ಇದು: 'ಇದು ಸಂಗೀತ ಅಲ್ವಲ್ಲ ಸಾರ್.'

ಹುಡುಗ ಅದನ್ನು ವ್ಯಂಗ್ಯವಾಗಿ ಹೇಳಲಿಲ್ಲ. ಪ್ರಾಮಾಣಿಕವಾಗಿ ನಂಬಿಯೇ ಹೇಳಿದ. ಹತ್ತು ವರ್ಷ ಶಾಲೆಗೆ ಹೋದ ಅವನಿಗೆ ಬೇರೆ ಯಾವ ಪಾಠ ತಲೆಗೆ ಹತ್ತಿತ್ತೋ ಬಿಟ್ಟಿತ್ತೋ, ತನಗೆ ಬರುವುದು ವಿದ್ಯೆಯಲ್ಲ ಎಂಬ ಈ ಒಂದು ಪಾಠ ಮಾತ್ರ ಚೆನ್ನಾಗಿ ಹತ್ತಿತ್ತು. ಅವಕಾಶವಂಚಿತ ಯುವಜನರ 'ಸಬಲೀಕರಣ'ದ ಬಗ್ಗೆ ನಾವು ಆಡುವ ಮಾತುಗಳೆಲ್ಲ ಈ ಒಂದು ವಾಕ್ಯಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂದು ನನಗೆ ಅಂದಿನಿಂದ ಅನ್ನಿಸುತ್ತಿದೆ.

ಆದರೆ ಉತ್ತರ ಸುಲಭವಾಗಿರಲಿಲ್ಲ. ನಾಲ್ಕನೆಯ ದಿನ ಹುಡುಗನ ತಂದೆ ಬಂದರು. ಕೆಲಸದ ಬಟ್ಟೆಯಲ್ಲೇ ಬಂದಿದ್ದ ಆತ ಬಾಗಿಲ ಬಳಿಯೇ ನಿಂತು, ದನಿ ಏರಿಸದೆ ಕೇಳಿದರು: 'ಇದನ್ನ ಬಿಡಿಸೋಕೇ ಅವನನ್ನ ಓದಿಸ್ತಿರೋದು ಸಾರ್. ನಮ್ಮಪ್ಪ ಹೆಣದ ಮುಂದೆ ಬಡಿದ, ನಾನೂ ಬಡಿದೆ. ನೀವು ಮತ್ತೆ ಅದನ್ನೇ ಅವನ ಕೈಗೆ ಕೊಡ್ತೀರಾ?' ಮೂವತ್ತು ವರ್ಷ ಪಾಠ ಹೇಳಿದ ನನ್ನ ಬಳಿ ಆ ಹೊತ್ತಿಗೆ ಹೇಳಲು ಏನೂ ಇರಲಿಲ್ಲ.

ಆ ತಂದೆಯ ಪ್ರಶ್ನೆಗೆ ಭದ್ರಾವತಿಯ ನೆಲದಲ್ಲಿ ಒಂದು ಚರಿತ್ರೆಯಿದೆ. ಇದೇ ಊರಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಸಾವಿನ ಮನೆಯ ಮುಂದೆ, ಊರ ಜಾತ್ರೆಯಲ್ಲಿ ಕೂಲಿಯಿಲ್ಲದೆಯೋ ಕಾಳಿನ ಕೂಲಿಗೋ ತಮಟೆ ಬಡಿಯಲೇಬೇಕೆಂಬ ಬಿಟ್ಟಿ ಚಾಕರಿಯನ್ನು ನಿರಾಕರಿಸುವುದು ದಲಿತ ಚಳವಳಿ ಜನರಿಗೆ ಕಲಿಸಿದ ಮೊದಲ ಸ್ವಾಭಿಮಾನದ ಪಾಠಗಳಲ್ಲಿ ಒಂದು. ಹಾಗೆ ಬಡಿಯಲೊಪ್ಪದವರು ಎಷ್ಟೋ ಹಳ್ಳಿಗಳಲ್ಲಿ ಬಹಿಷ್ಕಾರ ಅನುಭವಿಸಿದ್ದಾರೆ. ಆದರೆ ಅದೇ ಚಳವಳಿ ಹಾಡನ್ನು ಬಿಡಲಿಲ್ಲ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪ್ರಕಟವಾದ ಮೇಲೆ ಆ ಕವಿತೆಗಳು ಪುಸ್ತಕದಿಂದ ಬೀದಿಗೆ ಇಳಿದವು; ಓದು ಬಾರದವರ ಬಾಯಲ್ಲೂ ನಿಂತವು. ಮೆರವಣಿಗೆಯ ಮುಂದೆ ಅದೇ ತಮಟೆ ಮತ್ತೆ ಬಂತು. ಚರ್ಮ ಅದೇ, ಕೋಲು ಅದೇ. ಅದನ್ನು ಯಾರು, ಯಾರ ಅಪ್ಪಣೆಯಂತೆ, ಯಾತಕ್ಕಾಗಿ ನುಡಿಸುತ್ತಾರೆ ಎಂಬುದು ಮಾತ್ರ ಬದಲಾಗಿತ್ತು.

ನಮ್ಮ ಶಿಬಿರದ ಗುರುಗಳು ಆ ತಂದೆಗೆ ಉಪನ್ಯಾಸ ಕೊಡಲು ಹೋಗಲಿಲ್ಲ. ತಮಟೆ ವಾದನಕ್ಕಾಗಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಸಂಗತಿಯನ್ನು ಮಾತ್ರ ಹೇಳಿ, ಒಳಗೆ ಬಂದು ಒಂದು ಗಂಟೆ ಕುಳಿತುಕೊಳ್ಳಿ ಎಂದರು. ಅಂದು ಹುಡುಗ ಮಧ್ಯದಲ್ಲಿ ನಿಂತಿದ್ದ. ಸುತ್ತ ಎಲ್ಲ ಜಾತಿಯ, ಎರಡು ಮೂರು ಧರ್ಮಗಳ ಮಕ್ಕಳು ತಮಟೆ ಹಿಡಿದು ಅವನಿಂದ ಕಲಿಯುತ್ತಿದ್ದರು. ಎಡಗೈಯ ಸಣ್ಣ ಕೋಲನ್ನು ಹೇಗೆ ಹಿಡಿಯಬೇಕು, ಬಲಗೈಯ ದಪ್ಪ ಕೋಲು ಎಲ್ಲಿ ಬೀಳಬೇಕು ಎಂಬುದನ್ನು ಅವನು ತೋರಿಸುತ್ತಿದ್ದ. ತಪ್ಪಿದವರನ್ನು ಗದರುತ್ತಲೂ ಇದ್ದ. ತಂದೆ ಕೊನೆಯವರೆಗೆ ನೋಡಿದರು. ಮನಸ್ಸು ಪೂರ್ತಿ ಕರಗಿತೆಂದು ನಾನು ಹೇಳಲಾರೆ. 'ಇದೊಂದನ್ನೇ ನುಡಿಸು ಅನ್ನಬೇಡಿ, ಹಾರ್ಮೋನಿಯಂ ಕೂಡ ಹೇಳಿಕೊಡಿ' ಎಂಬ ಷರತ್ತು ಹಾಕಿ ಹೋದರು. ಆ ಷರತ್ತಿನಲ್ಲಿರುವ ವಿವೇಕ ನಮ್ಮ ಅನೇಕ ಸಾಂಸ್ಕೃತಿಕ ಯೋಜನೆಗಳಲ್ಲಿ ಇಲ್ಲ. ದಲಿತ ಹುಡುಗನಿಗೆ ತಮಟೆ, ಕುರುಬರ ಹುಡುಗನಿಗೆ ಡೊಳ್ಳು, ಮೇಲ್ಜಾತಿಯ ಹುಡುಗಿಗೆ ವೀಣೆ ಎಂದು ಹಂಚಿಕೊಟ್ಟು ಅದನ್ನೇ 'ಜನಪದ ಸಂಸ್ಕೃತಿಯ ರಕ್ಷಣೆ' ಎನ್ನುವುದಾದರೆ ಅದು ಹಳೆಯ ವ್ಯವಸ್ಥೆಗೆ ಬಣ್ಣ ಬಳಿದಂತೆಯೇ ಸರಿ. ಬಂದ ವಿದ್ಯೆಗೆ ಗೌರವ ಸಿಗಬೇಕು, ಬಾರದ ವಿದ್ಯೆಗೆ ಬಾಗಿಲು ತೆರೆಯಬೇಕು. ಎರಡೂ ಒಟ್ಟಿಗೆ ಆಗಬೇಕು.

ಹಾಡಿನಿಂದ ಹೊಟ್ಟೆ ತುಂಬುತ್ತದೆಯೇ?

ಈ ಶಿಬಿರದ ವಿಷಯ ಹೇಳಿದಾಗ ನನ್ನ ಗೆಳೆಯರೊಬ್ಬರು ನೇರವಾಗಿ ಕೇಳಿದ ಪ್ರಶ್ನೆಯಿದು. ಭದ್ರಾವತಿಯಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕೂಸಾಗಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಇವೆರಡೂ ಈ ಊರಿನ ಎರಡು ಶ್ವಾಸಕೋಶಗಳಾಗಿದ್ದವು. ಕಾಗದ ಕಾರ್ಖಾನೆಯಲ್ಲಿ 2015ರ ಹೊತ್ತಿಗೆ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಆ ವರ್ಷವೇ ಕೆಲಸ ಭಾಗಶಃ ಮತ್ತೆ ಶುರುವಾಯಿತಾದರೂ ನೆಮ್ಮದಿ ಮರಳಲಿಲ್ಲ. ಸೈರನ್ನಿನ ಸದ್ದಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಊರಿನಲ್ಲಿ ಬೆಳೆದವನು ನಾನು. ಕಾಲೋನಿಯ ಗಣೇಶೋತ್ಸವದಲ್ಲಿ ಹಗಲೆಲ್ಲ ಕುಲುಮೆಯ ಮುಂದೆ ಬೆಂದವರು ರಾತ್ರಿ ಆರ್ಕೆಸ್ಟ್ರಾದಲ್ಲಿ ಹಾಡುವುದನ್ನು ಕೇಳಿದ್ದೇನೆ. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಹಾಡುಗಳೂ ಆ ಒಂದೇ ವೇದಿಕೆಗೆ ಬರುತ್ತಿದ್ದವು. ಅಂದು ಹಾಡಲು ಪುರುಸೊತ್ತಿದ್ದುದು ತಿಂಗಳ ಮೊದಲ ವಾರ ಸಂಬಳ ಕೈಗೆ ಬರುತ್ತಿದ್ದುದರಿಂದ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಆದ್ದರಿಂದ ಸಂಗೀತ ಉದ್ಯೋಗಕ್ಕೆ ಬದಲಿಯಲ್ಲ. ಕಾರ್ಖಾನೆಗೆ ಬೀಗ ಬಿದ್ದ ಊರಿನಲ್ಲಿ ಹಾಡಿನ ಶಿಬಿರ ನಡೆಸಿ ಕರ್ತವ್ಯ ಮುಗಿಯಿತೆಂದು ಯಾವ ಸರ್ಕಾರ ಹೇಳಿದರೂ ಅದು ಕ್ರೌರ್ಯವಾಗುತ್ತದೆ. ಆದರೆ ಉದ್ಯೋಗ ಸಿಗುವವರೆಗೆ ಹುಡುಗರು ಎಲ್ಲಿರುತ್ತಾರೆ, ಯಾರ ಜೊತೆಯಲ್ಲಿರುತ್ತಾರೆ ಎಂಬ ಪ್ರಶ್ನೆಯೂ ಅಷ್ಟೇ ನಿಜವಾದದ್ದು. ಶಿವಮೊಗ್ಗ ನಗರ 2022ರ ಫೆಬ್ರುವರಿಯಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ, 2023ರ ಅಕ್ಟೋಬರ್‌ನಲ್ಲಿ ನಿಷೇಧಾಜ್ಞೆಯನ್ನು ಕಂಡಿತು. ಮೊದಲ ಸಲ ಒಬ್ಬ ಯುವಕನ ಜೀವವೇ ಹೋಯಿತು. ಇಂಥ ಸಂದರ್ಭಗಳಲ್ಲಿ ಬೀದಿಗೆ ಇಳಿಯುವವರು, ಪೆಟ್ಟು ತಿನ್ನುವವರು, ಮುಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಬಡವರ ಮನೆಯ ಹುಡುಗರು.

ನಮ್ಮ ಶಿಬಿರದಲ್ಲಿ ಹಾಗೆ ಉದ್ವಿಗ್ನತೆ ಕಂಡಿದ್ದ ಬಡಾವಣೆಗಳಿಂದ ಬಂದ ಇಬ್ಬರು ಹುಡುಗರಿದ್ದರು, ಬೇರೆ ಬೇರೆ ಧರ್ಮದವರು. ಮೊದಲ ಮೂರು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಿಗೂ ಒಂದೇ ಡೊಳ್ಳಿನ ಸಾಲು ಸಿಕ್ಕಿತು. ಒಬ್ಬ ಅವಸರದವನು, ಅವನ ಕೈಯಲ್ಲಿ ಲಯ ಓಡುತ್ತಿತ್ತು. ಇನ್ನೊಬ್ಬ ಹಿಂದೆ ಬೀಳುತ್ತಿದ್ದ. ಮೂವತ್ತು ಜನರ ತಾಳ ಇವರಿಬ್ಬರಿಂದ ಕೆಡತೊಡಗಿದಾಗ ಗುರುಗಳು ಇಬ್ಬರನ್ನೇ ಎದುರುಬದುರು ನಿಲ್ಲಿಸಿ, ಒಬ್ಬರ ಕೈಯನ್ನು ಒಬ್ಬರು ನೋಡಿಕೊಂಡು ನುಡಿಸಿ ಎಂದರು. ಅರ್ಧ ಗಂಟೆಯಲ್ಲಿ ತಾಳ ಕೂಡಿತು. ಅವರು ಗೆಳೆಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಈಗಲೂ ಬೇರೆ ಬೇರೆಯೇ ಕುಳಿತಿದ್ದರು. ಆದರೆ ಎದುರಿನವನು ಏನು ಮಾಡುತ್ತಿದ್ದಾನೆಂದು ಕಿವಿಗೊಡದೆ ತನ್ನ ಕೆಲಸ ಸರಿಹೋಗದು ಎಂಬುದನ್ನು ಇಬ್ಬರೂ ಕೈಯಿಂದಲೇ ಕಲಿತರು. ಸೌಹಾರ್ದದ ಬಗ್ಗೆ ನಾನು ತರಗತಿಯಲ್ಲಿ ಮಾಡಿದ ಯಾವ ಭಾಷಣವೂ ಅಷ್ಟನ್ನು ಕಲಿಸಿರಲಿಕ್ಕಿಲ್ಲ.

ಇದನ್ನು ಅತಿಯಾಗಿ ಹಿಗ್ಗಿಸಬಾರದು ಎಂಬ ಎಚ್ಚರವನ್ನು ಜಗತ್ತಿನ ಅನುಭವವೂ ಕೊಡುತ್ತದೆ. ವೆನೆಜುವೆಲಾದಲ್ಲಿ ಹೊಸೆ ಆಂಟೊನಿಯೊ ಅಬ್ರೆಯು 1975ರಲ್ಲಿ ಆರಂಭಿಸಿದ 'ಎಲ್ ಸಿಸ್ತೆಮಾ' ಎಂಬ ವಾದ್ಯವೃಂದ ಯೋಜನೆ ಬಡ ಮಕ್ಕಳನ್ನು ಸಂಗೀತದ ಮೂಲಕ ಮೇಲೆತ್ತುವ ಪ್ರಯತ್ನವಾಗಿ ಲೋಕಪ್ರಸಿದ್ಧವಾಯಿತು. ಸುಮಾರು 2,900 ಮಕ್ಕಳನ್ನು ಒಳಗೊಂಡು ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಅಳೆದು ನೋಡಿತು. ಮಕ್ಕಳ ಸ್ವಯಂನಿಯಂತ್ರಣ ಹೆಚ್ಚಿತ್ತು. ಹಿಂಸೆಯನ್ನು ಕಂಡು ಬೆಳೆದ ಹುಡುಗರ ನಡವಳಿಕೆಯಲ್ಲಿ ಸುಧಾರಣೆ ಕಂಡಿತ್ತು. ಆದರೆ ಒಟ್ಟಾರೆ ಬುದ್ಧಿಶಕ್ತಿಯಲ್ಲಾಗಲಿ, ಇತರರೊಂದಿಗಿನ ಒಡನಾಟದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೇರಿದ ಮಕ್ಕಳಲ್ಲಿ ಬಡವರ ಪ್ರಮಾಣ ಶೇ 17ರಷ್ಟೂ ಇರಲಿಲ್ಲ. ಅವರು ಬಂದ ಪ್ರಾಂತಗಳಲ್ಲಿ ಬಡತನ ಶೇ 46ನ್ನು ದಾಟಿತ್ತು. ಬಡವರಿಗೆಂದು ತೆರೆದ ಬಾಗಿಲಲ್ಲಿ ಕೊಂಚ ಅನುಕೂಲಸ್ಥರು ಮೊದಲು ನುಗ್ಗುತ್ತಾರೆ. ಇದು ವೆನೆಜುವೆಲಾಕ್ಕೆ ಮಾತ್ರ ಸೀಮಿತವಾದ ಕಥೆಯಲ್ಲವೆಂದು ನಮ್ಮ ಬೇಸಿಗೆ ಶಿಬಿರಗಳ ಅರ್ಜಿ ನಮೂನೆ ನೋಡಿದವರಿಗೆಲ್ಲ ಗೊತ್ತು.

ಗದಗದ ಪಾಠ

ಅಷ್ಟು ದೂರವೇಕೆ? ನಮ್ಮ ನಾಡಿನಲ್ಲೇ ಇದಕ್ಕಿಂತ ಹಳೆಯ, ಗಟ್ಟಿಯಾದ ಮಾದರಿಯಿದೆ. ಹುಟ್ಟು ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧರಿಗೆ, ಅನಾಥರಿಗೆ, ಬಡವರ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಶೈಶವದಲ್ಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ನಡೆಸಿದರು. ಖರ್ಚಿಗಾಗಿ ನಾಟಕ ಕಂಪನಿ ಕಟ್ಟಿದರು, ಊರೂರು ಅಲೆದರು. ಬಸವರಾಜ ರಾಜಗುರು ಅವರಂಥ ಗಾಯಕರು ಆ ಪರಂಪರೆಯಿಂದ ಬಂದವರು. ಪಂ. ವೆಂಕಟೇಶ್ ಕುಮಾರ್ ಹನ್ನೆರಡು ವರ್ಷ ಅಲ್ಲಿದ್ದು ಕಲಿತರು.

ಈ ದೊಡ್ಡ ಹೆಸರುಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಹೆಸರಾಗದವರು. ಅಲ್ಲಿ ಕಲಿತು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದವರು, ಮಠಗಳ ಪುರಾಣ ಪ್ರವಚನಕ್ಕೆ ತಬಲ, ಹಾರ್ಮೋನಿಯಂ ನುಡಿಸಿ ಸಂಸಾರ ಸಾಗಿಸಿದವರು. ಅಂಧನಾದ ಮಗ ಮನೆಗೆ ಭಾರವೆಂದು ತಿಳಿದಿದ್ದ ತಂದೆತಾಯಿಗೆ ಅದೇ ಮಗ ತಿಂಗಳಿಗೆ ಹಣ ಕಳಿಸುವಂತಾದದ್ದಕ್ಕಿಂತ ಬೇರೆ ಸಬಲೀಕರಣ ಯಾವುದಿದೆ? ಇದು ಸಾಧ್ಯವಾದದ್ದು ಹತ್ತು ದಿನಗಳ ಶಿಬಿರದಿಂದಲ್ಲ. ಊಟ, ವಸತಿ, ಗುರು, ವರ್ಷಗಳ ಅಭ್ಯಾಸ, ಕಲಿತದ್ದನ್ನು ನುಡಿಸಿ ನಾಲ್ಕು ಕಾಸು ಗಳಿಸುವ ಅವಕಾಶ, ಇಷ್ಟೂ ಒಂದೇ ಸೂರಿನಡಿ ಇದ್ದುದರಿಂದ.

ನಮ್ಮ ಜಿಲ್ಲೆಯಲ್ಲೇ ತುಂಗೆಯ ದಂಡೆಯ ಹೊಸಹಳ್ಳಿ ಗಮಕದ ಊರೆಂದು ಹೆಸರಾದುದಕ್ಕೂ ಕಾರಣ ಅಂಥದೇ. 2022ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ನಿಧನರಾದ ಎಚ್.ಆರ್. ಕೇಶವಮೂರ್ತಿಯವರು ಆ ಊರಿನಲ್ಲೇ ಇದ್ದು ಕಲಿಸಿದರು. ಹೆಗ್ಗೋಡಿನ ನೀನಾಸಂ ಕೂಡ ಒಂದು ಹಳ್ಳಿಯಲ್ಲಿ 1949ರಿಂದ ಬೇರು ಬಿಟ್ಟು ನಿಂತದ್ದರಿಂದಲೇ ನೀನಾಸಂ ಆಯಿತು. ಕಲೆ ಇಲ್ಲಿ ಬಂದು ಹೋಗುವ ಅತಿಥಿಯಾಗಿರಲಿಲ್ಲ, ಊರಿನ ನಿವಾಸಿಯಾಗಿತ್ತು.

ಸಮಾರೋಪದ ನಂತರ

ನಮ್ಮ ಶಿಬಿರಕ್ಕೆ ಏನಾಯಿತು? ಹತ್ತನೆಯ ದಿನ ಸಮಾರೋಪ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿಗಳು. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ನುಡಿ, ಹಾರ, ಶಾಲು, ನೆನಪಿನ ಕಾಣಿಕೆ ಎಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಕಾಯಿಸಿ ಇಟ್ಟಿದ್ದ ತಮಟೆಗಳು ತಣ್ಣಗಾಗಿದ್ದವು. ಮಕ್ಕಳಿಗೆ ಸಿಕ್ಕಿದ್ದು ಹನ್ನೆರಡು ನಿಮಿಷ. ಆಮೇಲೆ ವಾದ್ಯಗಳನ್ನೆಲ್ಲ ಎಣಿಸಿ, ದಾಸ್ತಾನು ಪುಸ್ತಕದಲ್ಲಿ ಬರೆದು, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಎರಡು ತಿಂಗಳ ನಂತರ ಆ ಹುಡುಗ ನನ್ನ ಮನೆಗೆ ಬಂದ. ಭಾನುವಾರಗಳಂದು ಅಭ್ಯಾಸ ಮಾಡಲು ತಮಟೆ, ಹಾರ್ಮೋನಿಯಂ ಬೇಕಿತ್ತು, ಹತ್ತು ಹನ್ನೆರಡು ಜನ ಸೇರಲು ಒಪ್ಪಿದ್ದರು. ನಾನು ವಿಚಾರಿಸಿದೆ. ಕೀಲಿ ಇಟ್ಟುಕೊಂಡಿದ್ದವರಿಗೆ ವರ್ಗವಾಗಿತ್ತು. ಹೊಸಬರು ಲಿಖಿತ ಆದೇಶವಿಲ್ಲದೆ ಕೊಡಲಾಗದು ಎಂದರು. ಆದೇಶ ಕೊಡಬೇಕಾದವರು ಮುಂದಿನ ವರ್ಷದ ಶಿಬಿರಕ್ಕೆ ಅನುದಾನ ಬರಲಿ ಎಂದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಅವರ ಲೆಕ್ಕದಲ್ಲಿ ಶಿಬಿರ ಯಶಸ್ವಿಯಾಗಿ ಮುಗಿದಿತ್ತು, ಫೋಟೋ ಇತ್ತು, ವರದಿ ಹೋಗಿತ್ತು.

ಬಾಗಿಲನ್ನು ಒಮ್ಮೆ ತೆರೆದು ತೋರಿಸಿ ಮತ್ತೆ ಮುಚ್ಚುವುದು, ತೆರೆಯದೇ ಇರುವುದಕ್ಕಿಂತ ಹೆಚ್ಚು ನೋವುಂಟುಮಾಡುತ್ತದೆ. ಹಾಗೆಂದು ಶಿಬಿರಗಳನ್ನೇ ನಿಲ್ಲಿಸಬೇಕೆಂದು ನನ್ನ ಮಾತಲ್ಲ. ಅವುಗಳನ್ನು ಕೊನೆಯಾಗಿ ನೋಡದೆ ಆರಂಭವಾಗಿ ನೋಡಬೇಕು. ಶಿವಮೊಗ್ಗ, ಭದ್ರಾವತಿಗಳ ನಡುವೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಈ ಸುತ್ತಮುತ್ತಲೇ ನಮಗೆ ಬೇಕಾದುದೆಲ್ಲ ಇದೆ. ಶಿವಮೊಗ್ಗದಲ್ಲಿ ರಂಗಾಯಣವಿದೆ. ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವಿದೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಎರಡೂ ಊರುಗಳಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ವಿದ್ಯಾರ್ಥಿನಿಲಯಗಳಿವೆ. ಸಂಜೆ ಹೊತ್ತು ಅಲ್ಲಿನ ಮಕ್ಕಳಿಗೆ ಮೊಬೈಲು ಬಿಟ್ಟರೆ ಬೇರೆ ಸಂಗಾತಿಯಿಲ್ಲ.

ಕೆಲವು ಸಣ್ಣ ಕೆಲಸಗಳು ಸಾಕು. ಶಿಬಿರಕ್ಕೆ ಅನುದಾನ ಕೊಡುವಾಗ, ನಂತರದ ಒಂದು ವರ್ಷ ವಾರಕ್ಕೊಂದು ದಿನ ಅಭ್ಯಾಸ ನಡೆಯಬೇಕೆಂಬ ಷರತ್ತು ಹಾಕಲಿ. ಹತ್ತು ಶಿಬಿರಗಳ ಹಣದಲ್ಲಿ ಎರಡು ನಡೆದರೂ ಚಿಂತೆಯಿಲ್ಲ. ವಾದ್ಯಗಳು ಮಕ್ಕಳ ಕೈಗೆ ಸಿಗುವಂತಿರಲಿ. ನುಡಿಸಿ ಹರಿದ ತಮಟೆ ಬೀರುವಿನಲ್ಲಿ ಹುಳು ಹಿಡಿದ ತಮಟೆಗಿಂತ ಲಾಭದಾಯಕ. ತಮಟೆ, ಡೊಳ್ಳು, ಸೋಬಾನೆ ಬಲ್ಲ ಹಿರಿಯರನ್ನು ಕರೆಸಿ ಶಾಲು ಹೊದಿಸಿ ಕಳಿಸುವ ಬದಲು, ಶಾಸ್ತ್ರೀಯ ಸಂಗೀತದ ಗುರುಗಳಿಗೆ ಕೊಡುವಷ್ಟೇ ಗೌರವಧನ ಕೊಟ್ಟು ಗುರುಗಳೆಂದೇ ನೇಮಿಸಲಿ. ಇಷ್ಟವಿದ್ದವರಿಗೆ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳಿಗೆ ಕಟ್ಟಲು ನೆರವಾಗಲಿ. ಆಕಾಶವಾಣಿಯಲ್ಲಿ ತಿಂಗಳಿಗೊಂದು ಅರ್ಧ ಗಂಟೆ ಈ ಮಕ್ಕಳ ದನಿ ಕೇಳಲಿ. ತನ್ನ ಮಗನ ಹೆಸರನ್ನು ರೇಡಿಯೋದಲ್ಲಿ ಕೇಳುವ ತಂದೆಗೆ ನಾವು ಬೇರೆ ವಾದ ಮಂಡಿಸಬೇಕಾಗುವುದಿಲ್ಲ.

ಹುಡುಗಿಯರ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ನಮ್ಮ ಶಿಬಿರದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು ಶಿವಮೊಗ್ಗದ ಒಬ್ಬ ಹುಡುಗಿ. ಆರನೆಯ ದಿನದಿಂದ ಬರಲಿಲ್ಲ. ಸಂಜೆ ಬಸ್ಸು ತಡವಾಗಿ ಮನೆ ಸೇರುವಾಗ ಕತ್ತಲಾಗುತ್ತಿತ್ತು, ಅಣ್ಣ ಬೇಡವೆಂದ. ಅವಳನ್ನು ತಡೆದದ್ದು ಪ್ರತಿಭೆಯ ಕೊರತೆಯಲ್ಲ, ಏಳು ಗಂಟೆಯ ಕತ್ತಲು. ವೇಳಾಪಟ್ಟಿ ಬರೆಯುವಾಗ ನಮ್ಮಲ್ಲಿ ಒಬ್ಬರಿಗೂ, ನನಗೂ ಸೇರಿದಂತೆ, ಇದು ಹೊಳೆಯಲಿಲ್ಲ. ಶಿಬಿರವನ್ನು ಒಂದು ಗಂಟೆ ಮೊದಲೇ ಮುಗಿಸಿದ್ದರೆ ಸಾಕಿತ್ತು. ಅವಕಾಶ ತಪ್ಪಿಸಲು ದೊಡ್ಡ ಅನ್ಯಾಯವೇ ಬೇಕೆಂದಿಲ್ಲ, ಇಂಥ ಸಣ್ಣ ಅಲಕ್ಷ್ಯವೇ ಸಾಕು.

ತಮಟೆಯ ಆ ಹುಡುಗ ಈಗ ಶಿವಮೊಗ್ಗದ ಬೈಕ್ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದಾನೆ. ಕಳೆದ ತಿಂಗಳು ಬಸ್ ನಿಲ್ದಾಣದ ಬಳಿ ಸಿಕ್ಕ. ಕೈಯೆಲ್ಲ ಗ್ರೀಸು. ಒಂದು ಹಳೆಯ ಹಾರ್ಮೋನಿಯಂ ಕೊಳ್ಳಲು ಹಣ ಕೂಡಿಡುತ್ತಿದ್ದೇನೆ ಎಂದ. ತಮಟೆ ನುಡಿಸುವೆಯೇನಪ್ಪಾ ಎಂದು ಕೇಳಿದೆ. 'ಕರೆದ ಕಡೆಗೆಲ್ಲ ಹೋಗಲ್ಲ ಸಾರ್, ನಂಗೆ ಬೇಕು ಅನ್ನಿಸಿದಾಗ ನುಡಿಸ್ತೀನಿ' ಎಂದ. ಅವನ ತಾತನಿಗೂ ತಂದೆಗೂ ಹೀಗೆ ಹೇಳುವ ಸ್ವಾತಂತ್ರ್ಯವಿರಲಿಲ್ಲ. ಹೊರಡುವಾಗ ಅವನೇ ತಿರುಗಿ ಕೇಳಿದ: 'ಆ ಬೀರು ತೆಗೆಸಿದ್ರಾ ಸಾರ್?'

ಇನ್ನೂ ಇಲ್ಲ ಎಂದೆ.